ಕಣದ ಬಿಸಿಲಿಗೆ ಮೊದಲು ನೀರು, ಆಮೇಲೆ ಲೋಳೆಸರ

ಕೊಡಗಿನ ಬಿಸಿಲು ಸುಡುವುದಿಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ರೊಬಸ್ಟಾ ಕಾಫಿ ಕೊಯ್ಲಿನ ದಿನಗಳಲ್ಲಿ ನನ್ನ ಚಿಕಿತ್ಸಾಲಯಕ್ಕೆ ಬರುವ ಕೆಂಪಾದ ಕತ್ತು, ತೋಳುಗಳು ಬೇರೆಯೇ ಹೇಳುತ್ತವೆ. ಮರದ ನೆರಳಲ್ಲಿ ಹಣ್ಣು ಕೊಯ್ಯುವವರಿಗಿಂತ ಕಣದಲ್ಲಿ ಕಾಫಿ ಹರಡಿ ಕೈಯಾಡಿಸುವವರೇ ಹೆಚ್ಚು. ತಣ್ಣನೆ ಗಾಳಿ ಬೀಸುತ್ತಿರುತ್ತದೆ, ಸುಟ್ಟದ್ದು ಗೊತ್ತಾಗುವುದಿಲ್ಲ. ಚರ್ಮ ಸುಡುವುದು ಬಿಸಿಲಿನ ಕಾವಿನಿಂದಲ್ಲ, ನೇರಳಾತೀತ ಕಿರಣದಿಂದ. 1,000 ಮೀಟರ್ ಮೇಲೇರಿದರೆ ಆ ಕಿರಣದ ಬಲ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಮಡಿಕೇರಿ ಅದಕ್ಕೂ ಎತ್ತರದಲ್ಲಿದೆ. ಉರಿ ಶುರುವಾಗುವುದು ಕೆಲವು ಗಂಟೆ ಕಳೆದ ಮೇಲೆ, ಜೋರಾಗುವುದು ಮರುದಿನ.

ಮನೆಗೆ ಬಂದ ಕೂಡಲೇ ಕೊಬ್ಬರಿ ಎಣ್ಣೆಯ ಬಾಟಲಿಗೆ ಕೈ ಹಾಕಬೇಡಿ. ಬಿಸಿ ಇಳಿಯದ ಚರ್ಮಕ್ಕೆ ಎಣ್ಣೆ ಬಳಿದರೆ ಕಾವು ಒಳಗೇ ನಿಲ್ಲುತ್ತದೆ. ಹದಿನೈದು ನಿಮಿಷ ತಣ್ಣೀರಿನ ಒದ್ದೆ ಬಟ್ಟೆ ಹಾಕಿ. ಐಸ್ ಬೇಡ.

ನಂತರ ಲೋಳೆಸರ. ಎಲೆ ಮುರಿದು ಹಾಗೇ ಉಜ್ಜಿಕೊಂಡು, ತುರಿಕೆ ಎದ್ದು ಬರುವವರಿದ್ದಾರೆ. ಅದು ಸಿಪ್ಪೆಯಡಿಯ ಹಳದಿ ರಸದ ಕೆಲಸ. ಎಲೆಯ ಬುಡ ಕೆಳಗೆ ಮಾಡಿ ಸ್ವಲ್ಪ ಹೊತ್ತು ನಿಲ್ಲಿಸಿ, ಆ ರಸ ಸೋರಿಹೋಗಲಿ. ತೊಳೆದು, ಸಿಪ್ಪೆ ತೆಗೆದು, ಗಾಜಿನಂಥ ತಿರುಳನ್ನಷ್ಟೇ ತೆಳುವಾಗಿ ಹಚ್ಚಿ. ಮೊದಲ ಸಲವಾದರೆ ಮೊಣಕೈ ಒಳಬದಿಗೆ ಚೂರು ಹಚ್ಚಿ ನೋಡಿ. ಲೋಳೆಸರ ಸುಟ್ಟದ್ದನ್ನು ಅಳಿಸುವುದಿಲ್ಲ. ತಂಪು ಕೊಡುತ್ತದೆ, ತೇವ ಹಿಡಿದಿಡುತ್ತದೆ. ಸೌತೆಕಾಯಿ, ತೇಯ್ದ ಗಂಧ ಮಾಡುವುದೂ ಅಷ್ಟೇ. ಗಂಧ ಒಣಗಿ ಬಿಗಿಯುವ ಮೊದಲೇ ತೊಳೆದುಬಿಡಿ.

ಎರಡು, ಮೂರು ದಿನಕ್ಕೆ ಸಿಪ್ಪೆ ಏಳುವಾಗ ನಾನು ಹೆಚ್ಚು ನಂಬುವುದು ಶತಧೌತ ಘೃತವನ್ನು. ತಾಮ್ರದ ತಟ್ಟೆಯಲ್ಲಿ ಹಸುವಿನ ತುಪ್ಪಕ್ಕೆ ನೀರು ಹಾಕಿ ಕೈಯಿಂದ ಮಥಿಸಿ, ಆ ನೀರು ಚೆಲ್ಲಿ, ಮತ್ತೆ ಹೊಸ ನೀರು. ಹೀಗೆ ನೂರು ಸಲ. ಕೈ ಸೋಲುವ ಕೆಲಸ, ಆದರೆ ಕೊನೆಗೆ ತುಪ್ಪದ ಜಿಡ್ಡೂ ವಾಸನೆಯೂ ಹೋಗಿ ಬೆಣ್ಣೆಯಂತೆ ಬೆಳ್ಳಗೆ, ನುಣುಪಾಗಿ ನಿಲ್ಲುತ್ತದೆ. ಒಣಗಿ ಬಿಗಿದ ಚರ್ಮಕ್ಕೆ ಅದು ಕೊಡುವ ಹಿತ ದೊಡ್ಡದು. ಹಸಿ ಗಾಯಕ್ಕೆ, ಒಡೆದ ಗುಳ್ಳೆಗೆ ಮಾತ್ರ ಹಚ್ಚಬೇಡಿ.

ನಿಂಬೆರಸವನ್ನಂತೂ ಮುಟ್ಟಲೇಬೇಡಿ. ಕಪ್ಪು ಹೋಗುತ್ತದೆಂದು ನಿಂಬೆ ಉಜ್ಜಿಕೊಂಡು ಬಿಸಿಲಿಗೆ ಹೋದರೆ ಅದರೊಳಗಿನ ಅಂಶ ಬೆಳಕಿಗೆ ಕೆರಳಿ ಗುಳ್ಳೆ ಏಳಿಸುತ್ತದೆ, ತಿಂಗಳುಗಟ್ಟಲೆ ಹೋಗದ ಕಲೆ ಉಳಿಸುತ್ತದೆ. ತೊನ್ನಿಗೆಂದು ಬಾವಂಚಿ ಎಣ್ಣೆ ಹಚ್ಚುವವರಿಗೂ ಇದೇ ಅಪಾಯ. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ನುಂಗುತ್ತಿರುವವರ ಚರ್ಮವೂ ಬೇಗ ಸುಡುತ್ತದೆ. ಇವನ್ನು ಬಳಸುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ದೊಡ್ಡ ಗುಳ್ಳೆ, ಚಳಿಜ್ವರ, ವಾಂತಿ, ತಲೆಸುತ್ತು ಬಂದರೆ, ಅಥವಾ ಸುಟ್ಟಿರುವುದು ಹಸುಗೂಸಿಗಾದರೆ, ಸೊಪ್ಪು ಹುಡುಕುತ್ತಾ ಕೂರದೆ ಆಸ್ಪತ್ರೆಗೆ ಹೋಗಿ. ತೋಟದ ಮಾಲೀಕರಲ್ಲೂ ಒಂದು ಕೋರಿಕೆ: ಕಣದಲ್ಲಿ ಕೈಯಾಡಿಸುವವರಿಗೆ ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ ಕೊಡಿಸಿ, ನಡುಹಗಲು ಸರದಿಯ ಮೇಲೆ ನೆರಳಿನ ಕೆಲಸಕ್ಕೆ ಕಳಿಸಿ.