ಇಂಗ್ಲೆಂಡಿನ ಹಿತ್ತಲಲ್ಲಿ ಹೂ ಬಿಡದ ಅವರೆ

ಇಲ್ಲಿನ ಏಷ್ಯನ್ ಅಂಗಡಿಯಲ್ಲಿ ಸಿಕ್ಕ ಅವರೆಕಾಳನ್ನು ನೆನೆಹಾಕಿದ್ದು ಸಾರಿಗೆ. ನಾಲ್ಕು ಕಾಳು ಮೊಳಕೆ ಒಡೆದಿದ್ದು ನೋಡಿ ಆಸೆ ತಡೆಯಲಿಲ್ಲ, ಹಿತ್ತಲಲ್ಲಿ ನೆಟ್ಟೆ. ಅದು ಮೇ ತಿಂಗಳು. ಜುಲೈ ಕಳೆಯುವಷ್ಟರಲ್ಲಿ ಬಳ್ಳಿ ಬೇಲಿ ಹತ್ತಿ, ಪಕ್ಕದ ಮನೆಯ ಕಡೆಗೆ ಕತ್ತು ಚಾಚಿತ್ತು. ಎಲೆಯೋ ಎಲೆ. ಹೂವಿನ ಸುಳಿವೇ ಇಲ್ಲ. ಸೆಪ್ಟೆಂಬರ್ ಕೊನೆಗೆ ಒಂದೆರಡು ಮೊಗ್ಗು ಕಂಡವು, ಅಷ್ಟರಲ್ಲಿ ಇಬ್ಬನಿ ಹೆಪ್ಪುಗಟ್ಟುವ ಮೊದಲ ರಾತ್ರಿ ಬಂತು, ಬೆಳಗಾಗುವಾಗ ಇಡೀ ಬಳ್ಳಿ ಬೆಂದ ಸೊಪ್ಪಿನ ಹಾಗೆ ಜೋತುಬಿದ್ದಿತ್ತು.

ಗೊಬ್ಬರ ಜಾಸ್ತಿ ಆಯ್ತೇನೋ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ನಾಟಿ ಅವರೆ ಹೂ ಬಿಡಬೇಕಾದರೆ ಅದಕ್ಕೆ ಉದ್ದದ ರಾತ್ರಿ ಬೇಕು. ಗಿಡ ಹಗಲನ್ನು ಅಳೆಯುತ್ತದೆ ಅಂತ ನಾವು ಹೇಳುತ್ತೇವೆ, ಅಸಲಿಗೆ ಅದು ಎಣಿಸುವುದು ಕತ್ತಲೆಯನ್ನು. ಧನುರ್ಮಾಸದ ಚಳಿಗೇ ಅವರೆಕಾಯಿಯ ಸೊಗಡು ಬರುವುದು ಸುಮ್ನೆ ಅಲ್ಲ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ವ್ಯತ್ಯಾಸ ಬರೀ ಒಂದೂವರೆ ಗಂಟೆ. ಅಷ್ಟು ಸಣ್ಣ ವ್ಯತ್ಯಾಸವೂ ಅವರೆಗೆ ಗೊತ್ತಾಗುತ್ತದೆ. ಲಂಡನ್ನಿನಲ್ಲಿ ಅದೇ ವ್ಯತ್ಯಾಸ ಸುಮಾರು 8 ಮುಕ್ಕಾಲು ಗಂಟೆ. ಜೂನ್ ಕೊನೆಯಲ್ಲಿ ಹಗಲು 16 ಗಂಟೆ ದಾಟುತ್ತದೆ. ಪಾಪ, ಅವರೆ ರಾತ್ರಿ ಬರಲಿ ಅಂತ ಕಾಯುತ್ತಾ ಎಲೆ ಬೆಳೆಸಿಕೊಂಡು ಕೂತಿತ್ತು. ಕೊತ್ತಂಬರಿಯದು ಇದಕ್ಕೆ ಪೂರ್ತಿ ಉಲ್ಟಾ. ಉದ್ದದ ಹಗಲು ಕಂಡ ಕೂಡಲೇ ಎಲೆ ಬಿಡುವುದನ್ನು ನಿಲ್ಲಿಸಿ ಹೂವಿಗೆ ಹೋಗುತ್ತದೆ. ಇಲ್ಲಿರುವ ಕನ್ನಡದವರು ಯಾರನ್ನು ಕೇಳಿದರೂ ಈ ಗೋಳು ಹೇಳಿಯಾರು.

ಅಷ್ಟು ಹೊತ್ತಿಗೆ ನಾನು ಹಿತ್ತಲನ್ನು ಇಂಗ್ಲಿಷ್ ತೋಟ ಮಾಡುವ ಹುಚ್ಚಿಗೆ ಬಿದ್ದಿದ್ದೆ. ನೀವೂ ಚಿತ್ರದಲ್ಲಿ ನೋಡಿರುತ್ತೀರಿ. ಇಟ್ಟಿಗೆ ಗೋಡೆಗೆ ಹಬ್ಬಿದ ಗುಲಾಬಿ, ಕಾಲುದಾರಿಯ ಮೇಲೆ ಚೆಲ್ಲಿಕೊಂಡ ಲ್ಯಾವೆಂಡರ್, ನಮ್ಮ ದಾಸವಾಳದ ಕುಟುಂಬದ್ದೇ ಆದ ಎತ್ತರದ ಹಾಲಿಹಾಕ್, ನಡುವೆ ಎಲೆಕೋಸು, ಒಂದು ಸೇಬಿನ ಮರ, ಒಂದು ಹಳೇ ಬೆಂಚು. ಮೊದಲು ಇದು ಕೂಲಿಕಾರರ ಗುಡಿಸಲಿನ ಹಿತ್ತಲು. ಜಾಗ ಕಮ್ಮಿ, ಅದಕ್ಕೇ ತರಕಾರಿ, ಮದ್ದಿನ ಗಿಡ, ಹೂವು ಎಲ್ಲ ಒಟ್ಟೊಟ್ಟಿಗೆ. ಶ್ರೀಮಂತರು ಆ ಕಾಲದಲ್ಲಿ ಗಾಜಿನ ಮನೆಯಲ್ಲಿ ಬೆಳೆಸಿದ ಹೂವನ್ನು ರಂಗೋಲಿಯ ಹಾಗೆ ಸಾಲು ಹಿಡಿದು ನೆಡಿಸುತ್ತಿದ್ದರು. 19ನೇ ಶತಮಾನದ ಕೊನೆಗೆ ವಿಲಿಯಂ ರಾಬಿನ್ಸನ್, ಗರ್ಟ್ರೂಡ್ ಜೀಕಿಲ್ ಮುಂತಾದ ತೋಟಗಾರರು ಆ ರಂಗೋಲಿ ಸಾಕು ಅಂದರು, ಬಡವರ ಹಿತ್ತಲಿನ ಗೊಂದಲವೇ ಚಂದ ಅಂದರು. ನೋಡಿದರೆ ಯಾರೋ ಬೀಜ ಎರಚಿ ಮರೆತುಬಿಟ್ಟ ಹಾಗಿರುತ್ತದೆ. ಹಾಗೆ ಕಾಣಿಸಲಿಕ್ಕೆ ಎಷ್ಟು ಲೆಕ್ಕ ಬೇಕು ಅನ್ನುವುದು ಕೈ ಮಣ್ಣಾದ ಮೇಲೆ ಗೊತ್ತಾಗುತ್ತದೆ.

ಮೊದಲ ಲೆಕ್ಕ ನೆರಳಿನದು. ಇಲ್ಲಿನ ಹಿತ್ತಲಿಗೆ ಸುತ್ತ ಆರಡಿ ಹಲಗೆ ಬೇಲಿ ಇರುವುದು ಮಾಮೂಲು. ಜೂನ್ ಮಧ್ಯಾಹ್ನ ಆ ಬೇಲಿಯ ನೆರಳು ಮೂರಡಿ ಬೀಳುತ್ತದೆ. ಡಿಸೆಂಬರಿನಲ್ಲಿ ಸೂರ್ಯ ನಡುಹಗಲಲ್ಲೂ ದಿಗಂತದಿಂದ 15 ಡಿಗ್ರಿ ಮೇಲಷ್ಟೇ ಏರುತ್ತಾನೆ, ಆಗ ಅದೇ ಬೇಲಿಯ ನೆರಳು 22 ಅಡಿ. ಸಣ್ಣ ಹಿತ್ತಲಾದರೆ ಮುಕ್ಕಾಲು ಭಾಗ ಮುಳುಗಿತು ಅಂತಲೇ ಲೆಕ್ಕ. ಮನೆ ಮಾರುವವರು ದಕ್ಷಿಣಕ್ಕೆ ಮುಖ ಮಾಡಿದ ತೋಟ ಅಂತ ದಪ್ಪ ಅಕ್ಷರದಲ್ಲಿ ಹಾಕುವುದು ಇದಕ್ಕೇ. ಬೆಂಗಳೂರಿನಲ್ಲಿ ಜೂನ್ ಮಧ್ಯಾಹ್ನ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ, ಅಲ್ಲಿ ದಕ್ಷಿಣ ದಿಕ್ಕಿಗೆ ಈ ಬೆಲೆ ಬರಲಿಕ್ಕೆ ಸಾಧ್ಯವೇ ಇಲ್ಲ. ಹಾಗಾಗಿ ಒಂದು ಗಿಡವನ್ನೂ ಕೊಳ್ಳುವ ಮೊದಲು, ಬಿಸಿಲು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ ಅಂತ ಒಂದಷ್ಟು ದಿನ ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ನಾನು ಹಾಗೆ ಮಾಡದೆ ಬೆಂಚನ್ನು ಮನೆಗೆ ಅಂಟಿಸಿ ಇಟ್ಟೆ. ಸಂಜೆ ಆಫೀಸಿನಿಂದ ಬಂದು ಕೂರುವ ಹೊತ್ತಿಗೆ ಅಲ್ಲಿ ನೆರಳು, ಬಿಸಿಲೆಲ್ಲ ಎದುರಿನ ಮೂಲೆಯಲ್ಲಿ.

ಇನ್ನು ಗಾಳಿ. ಚಳಿ ಅನ್ನಿಸುವುದು ಉಷ್ಣಾಂಶದಿಂದ ಮಾತ್ರ ಅಲ್ಲ. ಗಾಳಿ ನಮ್ಮ ಮೈ ಸುತ್ತ ಇರುವ ತೆಳ್ಳಗಿನ ಬೆಚ್ಚನೆ ಗಾಳಿಯ ಪದರವನ್ನು ಎಳೆದುಕೊಂಡು ಹೋಗುತ್ತದೆ. ಗಟ್ಟಿ ಬೇಲಿ ಹಾಕಿದರೆ ಗಾಳಿ ನಿಂತೀತು ಅಂತ ಯಾರಿಗಾದರೂ ಅನ್ನಿಸುತ್ತದೆ, ಆದರೆ ಅದು ಬೇಲಿಯ ಮೇಲಿಂದ ಹಾರಿ ಈಚೆಗೆ ಬಂದು ಸುಳಿಯಾಗಿ ತಿರುಗುತ್ತದೆ. ಅರ್ಧ ಬಿಟ್ಟು ಅರ್ಧ ತಡೆಯುವ ಜೀವಂತ ಬೇಲಿ ಗಾಳಿಯನ್ನು ಸೋಸುತ್ತದೆ, ಅದರ ಎತ್ತರದ ಹತ್ತು ಪಟ್ಟು ದೂರದವರೆಗೂ ಗಾಳಿಯ ಜೋರು ತಗ್ಗಿರುತ್ತದೆ. ಗದ್ದೆ ಬದುವಿನ ಲಕ್ಕಿ ಗಿಡ, ಕಳ್ಳಿ ಸಾಲು ಮಾಡುವ ಕೆಲಸವೂ ಅದೇ ಅಲ್ವಾ. ಇಟ್ಟಿಗೆ ಗೋಡೆಯ ಲಾಭ ಬೇರೆ: ಹಗಲೆಲ್ಲ ಬಿಸಿಲು ಕುಡಿದು ಸಂಜೆ ವಾಪಸ್ ಕೊಡುತ್ತದೆ, ಗೋಡೆ ಬುಡದ ಗುಲಾಬಿ ಬಯಲಿನದಕ್ಕಿಂತ ಬೇಗ ಅರಳುತ್ತದೆ.

ಬೆಚ್ಚಗೆ ಕೂತ ಹಾಗೆ ಅನ್ನಿಸುವುದರಲ್ಲಿ ಮನಸ್ಸಿನ ಪಾಲೂ ಇದೆ. ಹಲ್ ವಿಶ್ವವಿದ್ಯಾಲಯದ ಭೂಗೋಳಶಾಸ್ತ್ರಜ್ಞ ಜೇ ಆಪಲ್‌ಟನ್ 1975ರಲ್ಲಿ ಒಂದು ವಾದ ಮುಂದಿಟ್ಟರು. ಬೆನ್ನ ಹಿಂದೆ ಆಸರೆ, ಕಣ್ಣ ಮುಂದೆ ನೋಟ, ತಾನು ಯಾರಿಗೂ ಕಾಣಿಸದೆ ಬೇರೆಯವರನ್ನು ನೋಡುವಂಥ ಜಾಗ, ಇದನ್ನು ಮನುಷ್ಯ ಇಷ್ಟಪಡುತ್ತಾನೆ ಅಂತ. ಆದಿಮಾನವನ ಕಾಲದಿಂದ ಬಂದ ಬುದ್ಧಿ ಅನ್ನುವ ಭಾಗವನ್ನು ಸಾಬೀತು ಮಾಡುವುದು ಕಷ್ಟ, ಆದರೆ ಹೋಟೆಲಿನಲ್ಲಿ ಗೋಡೆ ಬದಿಯ ಟೇಬಲ್ಲು ಮೊದಲು ತುಂಬುವುದನ್ನು ನೋಡಿದವರಿಗೆ ಇದರಲ್ಲಿ ಏನೋ ಇದೆ ಅನ್ನಿಸುತ್ತದೆ. ಬೆಂಚನ್ನು ಎದುರಿನ ಮೂಲೆಗೆ ಸಾಗಿಸಿ, ಹಿಂದೆ ಹನಿಸಕಲ್ ಅನ್ನುವ ಪರಿಮಳದ ಹೂಬಳ್ಳಿ ಹಬ್ಬಿಸಿ, ದಾರಿಯನ್ನು ನೇರ ಬಿಡದೆ ಒಂದು ಪೊದೆಯ ಹಿಂದೆ ತಿರುಗಿಸಿದೆ. ಹಿತ್ತಲು ಅಷ್ಟೇ ಇದೆ, ಆದರೆ ಒಂದೇ ನೋಟಕ್ಕೆ ಮುಗಿಯುವುದಿಲ್ಲ.

ಮಣ್ಣಿನ ಕತೆ ಬೇಗ ಹೇಳಿಬಿಡುತ್ತೇನೆ, ನೆನೆಸಿಕೊಂಡರೆ ಸೊಂಟ ನೋಯುತ್ತದೆ. ಹೊಸ ಮನೆ. ಕಟ್ಟಿದವರು ಇಟ್ಟಿಗೆ ಚೂರು, ಸಿಮೆಂಟು ಗಟ್ಟಿ, ಒಂದು ಕೈಗವಸು ಎಲ್ಲವನ್ನೂ ಜೇಡಿಮಣ್ಣಿನಲ್ಲಿ ಮುಚ್ಚಿ ಮೇಲೆ ಹುಲ್ಲಿನ ಚಾಪೆ ಹಾಸಿ ಹೋಗಿದ್ದರು. ಚೂರೆಲ್ಲ ಆರಿಸಿದ ಮೇಲೆ ನಾನು ಅಗೆಯುವುದನ್ನೇ ಬಿಟ್ಟೆ. ಮೂರು ಇಂಚು ಕಾಂಪೋಸ್ಟು ಹರಡಿ ಎರೆಹುಳಕ್ಕೆ ಒಪ್ಪಿಸಿದೆ. ಕೆಂಟ್ ಜಿಲ್ಲೆಯ ತನ್ನ ಮನೆಯ ಹಿತ್ತಲಲ್ಲಿ ಕೂತು ವರ್ಷಗಟ್ಟಲೆ ಎರೆಹುಳ ನೋಡಿದ ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಬರೆದ ಲೆಕ್ಕದ ಪ್ರಕಾರ, ಇಂಗ್ಲೆಂಡಿನ ಎಷ್ಟೋ ಕಡೆ ಒಂದು ಎಕರೆಯಲ್ಲಿ ವರ್ಷಕ್ಕೆ ಹತ್ತು ಟನ್ನಿಗೂ ಜಾಸ್ತಿ ಮಣ್ಣು ಎರೆಹುಳದ ಹೊಟ್ಟೆ ಹೊಕ್ಕು ಬರುತ್ತದೆ. ಸಂಬಳವಿಲ್ಲದ ಇಂಥ ಆಳು ಇರುವಾಗ ಗುದ್ದಲಿ ಯಾಕೆ?

ಈಗ ಗಿಡ. ಒಂದನ್ನೇ ಆರಿಸು ಅಂದರೆ ಫಾಕ್ಸ್‌ಗ್ಲವ್ ಅನ್ನುತ್ತೇನೆ. ಆಳೆತ್ತರದ ದಂಟು, ಅದಕ್ಕೆ ಗಂಟೆ ಕಟ್ಟಿದ ಹಾಗೆ ನೇರಳೆ ಹೂಗಳು. ಮೊದಲ ವರ್ಷ ಇದು ನೆಲಕ್ಕೆ ಅಂಟಿದ ಎಲೆಯ ಬಿಲ್ಲೆ ಅಷ್ಟೆ. ಒಂದು ಚಳಿಗಾಲ ಮೈಮೇಲೆ ಹಾದುಹೋದರೆ ಮಾತ್ರ ಮುಂದಿನ ಬೇಸಗೆಯಲ್ಲಿ ಹೂ. ವಾರಗಟ್ಟಲೆ ಚಳಿ ತಿಂದ ಮೇಲೆ, ಹೂವನ್ನು ತಡೆದಿಟ್ಟಿದ್ದ ಒಳಗಿನ ಬೀಗ ಕಳಚಿಕೊಳ್ಳುತ್ತದೆ. ಹೂ ಬಿಟ್ಟು ಬೀಜ ಉದುರಿಸಿ ಸಾಯುತ್ತದೆ. ಹಾಗಾಗಿ ಎರಡು ವರ್ಷ ಸತತ ಬಿತ್ತಬೇಕು, ಆಮೇಲೆ ಅದರ ಪಾಡಿಗೆ ಅದು. ಬೀಜಕ್ಕೆ ಮೊಳೆಯಲು ಬೆಳಕು ಬೇಕು, ಮುಚ್ಚಬಾರದು.

ಹೂ ಅರಳುವುದು ಕೆಳಗಿನಿಂದ ಮೇಲಕ್ಕೆ. ಪ್ರತಿ ಹೂವೂ ಮೊದಲು ಗಂಡು, ಪರಾಗ ಕೊಡುತ್ತದೆ, ಆಮೇಲೆ ಹೆಣ್ಣಾಗಿ ಪರಾಗ ತಗೊಳ್ಳುತ್ತದೆ. ಅಂದರೆ ಕೆಳಗಿನ ಹಳೇ ಹೂವೆಲ್ಲ ಹೆಣ್ಣು, ಜೇನೂ ಅಲ್ಲೇ ಜಾಸ್ತಿ. ಮೇಲಿನವು ಗಂಡು. ಬಂಬಲ್‌ಬೀ ಅನ್ನುವ ಉಣ್ಣೆ ಹೊದ್ದ ದಪ್ಪ ದುಂಬಿ ಜೇನು ಜಾಸ್ತಿ ಇರುವ ಬುಡದಿಂದ ಶುರು ಮಾಡಿ ಒಂದೊಂದೇ ಹೂ ಹೊಕ್ಕು ಮೇಲೇರುತ್ತದೆ, ತುದಿಯಲ್ಲಿ ಮೈತುಂಬ ಪರಾಗ ಮೆತ್ತಿಕೊಂಡು ಹಾರಿ, ಮುಂದಿನ ಗಿಡದ ಬುಡದ ಹೆಣ್ಣು ಹೂವಿಗೆ ಹೋಗುತ್ತದೆ. ತನ್ನ ಪರಾಗ ತನಗೇ ಬೀಳದ ಹಾಗೆ ಗಿಡ ಮಾಡಿಕೊಂಡ ಉಪಾಯ ಇದು. ಬೆಂಚಿನ ಪಕ್ಕ ನೆಟ್ಟರೆ ಕಾಫಿ ಆರುವುದರೊಳಗೆ ಇಷ್ಟೂ ನೋಡಬಹುದು. ಮಕ್ಕಳಿದ್ದರೆ ಹುಷಾರು, ಗಿಡ ಪೂರ್ತಿ ವಿಷ.

ಹಿತ್ತಲ ಗಿಡ ಮದ್ದಲ್ಲ ಅಂತ ನಾವು ಹೇಳುತ್ತೇವಲ್ಲ, ಇದು ಮದ್ದಾಯಿತು. ಶ್ರಾಪ್‌ಶೈರಿನ ಒಬ್ಬ ಮುದುಕಿ ಮೈ ಊದಿಕೊಳ್ಳುವುದಕ್ಕೆ ಕೊಡುತ್ತಿದ್ದ ಗುಟ್ಟಿನ ಕಷಾಯದ ವಿಷಯ 1775ರಲ್ಲಿ ವಿಲಿಯಂ ವಿದರಿಂಗ್ ಎಂಬ ವೈದ್ಯರಿಗೆ ತಿಳಿಯಿತು. ಅದರಲ್ಲಿ ಇಪ್ಪತ್ತಕ್ಕೂ ಜಾಸ್ತಿ ಸೊಪ್ಪು ಇದ್ದವು, ಕೆಲಸ ಮಾಡುತ್ತಿದ್ದುದು ಫಾಕ್ಸ್‌ಗ್ಲವ್ ಅಂತ ಅವರು ಗುರುತಿಸಿದರು. ಹತ್ತು ವರ್ಷ ರೋಗಿಗಳ ಮೇಲೆ ಪ್ರಮಾಣ ಪರೀಕ್ಷಿಸಿ 1785ರಲ್ಲಿ ಪ್ರಕಟಿಸಿದರು. ಇದೇ ಕುಲದ ಗಿಡದಿಂದ ಬರುವ ಡಿಜಾಕ್ಸಿನ್ ಅನ್ನು ಇವತ್ತಿಗೂ ಹೃದಯದ ಕಾಯಿಲೆಗೆ ಕೊಡುತ್ತಾರೆ.

ಹೂವನ್ನು ಹೆಚ್ಚಿಸುವ ಉಪಾಯ ಇಲ್ಲಿಯದೂ ನಮ್ಮದೂ ಒಂದೇ: ಕುಡಿ ಚಿವುಟುವುದು. ತುದಿಯ ಕುಡಿ ಆಕ್ಸಿನ್ ಎಂಬ ರಸ ಕೆಳಗೆ ಇಳಿಸಿ ಪಕ್ಕದ ಮೊಗ್ಗುಗಳು ಏಳದ ಹಾಗೆ ನೋಡಿಕೊಳ್ಳುತ್ತದೆ. ಹಿರಿಯಣ್ಣನ ದರ್ಬಾರು. ಅದನ್ನು ತೆಗೆದರೆ ತಮ್ಮಂದಿರೆಲ್ಲ ಎದ್ದರು. ಲಂಡನ್ನಿನ ಚೆಲ್ಸಿ ಹೂವಿನ ಪ್ರದರ್ಶನ ನಡೆಯುವ ಮೇ ಕೊನೆಗೆ ಕೆಲವು ಗಿಡಗಳನ್ನು ಮೂರನೇ ಒಂದು ಪಾಲು ಕತ್ತರಿಸುವುದಕ್ಕೆ ಇಲ್ಲಿನವರು ಚೆಲ್ಸಿ ಚಾಪ್ ಅಂತಲೇ ಹೆಸರಿಟ್ಟಿದ್ದಾರೆ. ಹೂ ತಡವಾಗಿ ಬರುತ್ತದೆ, ಆದರೆ ಗಿಡ ಗುಂಡಗೆ ತುಂಬಿಕೊಳ್ಳುತ್ತದೆ. ಅರ್ಧ ಗಿಡ ಕತ್ತರಿಸಿ ಅರ್ಧ ಬಿಟ್ಟರೆ ಹೂವಿನ ಕಾಲ ಉದ್ದವಾಗುತ್ತದೆ. ಗುಲಾಬಿ ಬಳ್ಳಿಯನ್ನು ನೆಟ್ಟಗೆ ಬಿಡದೆ ಗೋಡೆಗುಂಟ ಅಡ್ಡ ಬಗ್ಗಿಸಿ ಕಟ್ಟುವುದರ ಹಿಂದೆಯೂ ಇದೇ ಗುಟ್ಟು, ಮೈಯುದ್ದಕ್ಕೂ ಮೊಗ್ಗು ಏಳುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ ಜೀಕಿಲ್ ಅವರನ್ನು ಬಿಟ್ಟು ಮಾತಿಲ್ಲ. ಚಿತ್ರಕಲೆ ಕಲಿತವರು, ದೃಷ್ಟಿ ತೀರಾ ಮಂದ. ಸರ್ರೆಯ ಮನ್‌ಸ್ಟೆಡ್ ವುಡ್ ಮನೆಯಲ್ಲಿ ಸುಮಾರು 200 ಅಡಿ ಉದ್ದದ ಹೂಪಟ್ಟಿಯನ್ನು ಎರಡೂ ತುದಿಯಲ್ಲಿ ನೀಲಿ, ಬೂದು, ಬಿಳಿಯಿಂದ ಶುರು ಮಾಡಿ ನಡುವೆ ಕಿತ್ತಳೆ, ಕೆಂಪಿಗೆ ಏರಿಸಿದ್ದರು. ಕೆಂಪು ನೋಡಿ ದಣಿದ ಕಣ್ಣಿಗೆ ಆಮೇಲೆ ಬರುವ ನೀಲಿ, ಬೂದು ಎರಡರಷ್ಟು ತಂಪಾಗಿ ಕಾಣುತ್ತದೆ ಅನ್ನುವ ಲೆಕ್ಕ. ಆದರೆ ನನ್ನ ಹಾಗೆ ಸಂಜೆ ಮಾತ್ರ ಹಿತ್ತಲಿಗೆ ಬರುವವರು ಕೆಂಪಿಗೆ ದುಡ್ಡು ಸುರಿಯಬೇಡಿ. ಬೆಳಕು ಇಳಿದಾಗ ಕಣ್ಣು ಬಣ್ಣದ ಕೋಶಗಳನ್ನು ಬಿಟ್ಟು ಮಬ್ಬಿನ ಕೋಶಗಳಿಗೆ ಕೆಲಸ ಕೊಡುತ್ತದೆ, ಅವಕ್ಕೆ ಕೆಂಪು ಕಾಣುವುದೇ ಇಲ್ಲ. ಕೆಂಪು ಗುಲಾಬಿ ಕಪ್ಪಾಗುತ್ತದೆ, ಬಿಳಿ ದೀಪ ಹಚ್ಚಿದ ಹಾಗೆ ನಿಲ್ಲುತ್ತದೆ. ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್ ಕೆಂಟಿನ ಸಿಸ್ಸಿಂಗ್‌ಹರ್ಸ್ಟಿನಲ್ಲಿ 1950ರ ಸುಮಾರಿಗೆ ಮಾಡಿದ ಬಿಳಿ ತೋಟ ಮುಸ್ಸಂಜೆಗೆ ಹೊಳೆಯುವುದು ಹೀಗೆ. ರಾತ್ರಿಯ ಪತಂಗಕ್ಕೂ ಬಿಳಿ ಮತ್ತು ಪರಿಮಳವೇ ದಾರಿ. ನಮ್ಮ ಪಾರಿಜಾತ, ಜಾಜಿ ಯಾಕೆ ಬಿಳಿ, ಯಾಕೆ ಸಂಜೆ ಮೇಲೆ ಘಮ್ಮೆನ್ನುತ್ತವೆ ಅಂತ ಇಲ್ಲಿನ ಹನಿಸಕಲ್ ಬುಡದಲ್ಲಿ ಕೂತಾಗ ಹೊಳೆಯಿತು.

ಇಷ್ಟೆಲ್ಲ ಮಾಡಿ, ಕಸ ಗುಡಿಸಿ ತೊಳೆದಿಟ್ಟ ಹಾಗೆ ಇಟ್ಟುಕೊಳ್ಳಬೇಡಿ. ಲೆಸ್ಟರ್ ನಗರದಲ್ಲಿ ಜೆನಿಫರ್ ಓವೆನ್ ಎಂಬ ಜೀವಶಾಸ್ತ್ರಜ್ಞೆ ತಮ್ಮ ಮನೆಯ ತೋಟದ ಜೀವಿಗಳನ್ನು 1972ರಿಂದ 30 ವರ್ಷ ಎಣಿಸಿದರು. ನಮ್ಮ ಕಡೆಯ 60x40 ಸೈಟು ಮೂರು ಸೇರಿಸಿದಷ್ಟು ಜಾಗ. ಹುಲ್ಲು, ಹೂವು, ತರಕಾರಿ ಇದ್ದ ಮಾಮೂಲಿ ತೋಟ, ವಿಷ ಮಾತ್ರ ಹೊಡೆಯುತ್ತಿರಲಿಲ್ಲ. ಸಿಕ್ಕಿದ್ದು 2,673 ಬಗೆಯ ಜೀವಿಗಳು, ಅದರಲ್ಲಿ 1,997 ಕೀಟಗಳು. ಹುಳುಗಳ ಮೈಯಲ್ಲಿ ಮೊಟ್ಟೆಯಿಡುವ ಒಂದು ಕುಟುಂಬದ ಕಣಜಗಳೇ ಮೊದಲ ಮೂರು ವರ್ಷದಲ್ಲಿ 533 ಬಗೆ, ಕೆಲವು ವಿಜ್ಞಾನಕ್ಕೇ ಹೊಸವು. 2000ದ ಆಸುಪಾಸಿನಲ್ಲಿ ಶೆಫೀಲ್ಡಿನ 61 ತೋಟಗಳನ್ನು ನೋಡಿದವರಿಗೂ, ತೋಟ ಸಣ್ಣದು ಅನ್ನುವುದಾಗಲಿ ಗಿಡ ಪರದೇಶದ್ದು ಅನ್ನುವುದಾಗಲಿ ಪುಟ್ಟ ಜೀವಿಗಳಿಗೆ ಅಷ್ಟೇನೂ ಅಡ್ಡಿಯಲ್ಲ ಅಂತ ಕಂಡಿತು. ಪರದೇಶದವನಾದ ನನಗೆ ಇದು ಓದಿ ಸ್ವಲ್ಪ ಖುಷಿಯೇ ಆಯಿತು. ಒಣ ದಂಟನ್ನು ಈಗ ವಸಂತದವರೆಗೆ ಕತ್ತರಿಸುವುದಿಲ್ಲ, ಟೊಳ್ಳಿನೊಳಗೆ ಯಾರ್ಯಾರೋ ಮಲಗಿರುತ್ತಾರೆ.

ಅವರೆಯನ್ನು ಬಿಡಲು ಮನಸ್ಸಾಗಲಿಲ್ಲ. ನಮ್ಮಲ್ಲಿ ಸೇವಂತಿಗೆ ಬೆಳೆಯುವವರು ರಾತ್ರಿ ಹೊಲದಲ್ಲಿ ಬಲ್ಬು ಉರಿಸಿ ಹೂವನ್ನು ಮುಂದೂಡುತ್ತಾರಲ್ಲ, ಅದನ್ನೇ ತಿರುಗಿಸಿದರೆ ಹೇಗೆ ಅನ್ನಿಸಿತು. ಈ ವರ್ಷ ಎರಡು ಕುಂಡದಲ್ಲಿ ಒಂದೊಂದು ಗಿಡ. ಜುಲೈ ಮೊದಲ ವಾರದಿಂದ ದಿನಾ ಸಂಜೆ ಆರಕ್ಕೆ ಒಂದರ ಮೇಲೆ ಕಪ್ಪು ಡ್ರಮ್ಮು ಬೋರಲು ಹಾಕುತ್ತೇನೆ, ಬೆಳಿಗ್ಗೆ ಎಂಟಕ್ಕೆ ತೆಗೆಯುತ್ತೇನೆ. ಇನ್ನೊಂದನ್ನು ಹಾಗೇ ಬಿಟ್ಟಿದ್ದೇನೆ. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ದಿನಾ ನೋಡಿ ನೋಡಿ, ಕೊನೆಗೆ ತಡೆಯಲಾರದೆ, ಗಿಡಕ್ಕೆ ನಿದ್ದೆ ಮಾಡಿಸುತ್ತಿದ್ದೀಯಾ ಅಂತ ಕೇಳಿದರು. ಹೌದು ಅಂದೆ. ಇವತ್ತು ಬೆಳಿಗ್ಗೆ ಡ್ರಮ್ಮು ಎತ್ತಿದಾಗ ತುದಿಯಲ್ಲಿ ಐದು ಮೊಗ್ಗಿದ್ದವು. ಪಕ್ಕದ ಕುಂಡದಲ್ಲಿ ಎಲೆ ಮಾತ್ರ.