ನ್ಯೂಟ್ರಾನ್ ಎಂಬುದು ಜೋಡಿಕಣವಲ್ಲ

ಪರಮಾಣುವಿನ ಮೂರು ಕಣಗಳನ್ನು ಹೋಲಿಸುವಾಗ ಹಲವರು ಒಂದು ಸುಲಭದ ಲೆಕ್ಕ ಒಪ್ಪಿಸುತ್ತಾರೆ: ಪ್ರೋಟಾನ್‌ನದು ಧನಾವೇಶ, ಎಲೆಕ್ಟ್ರಾನ್‌ನದು ಅಷ್ಟೇ ಪ್ರಮಾಣದ ಋಣಾವೇಶ, ಎರಡನ್ನೂ ಅಂಟಿಸಿದರೆ ಸೊನ್ನೆ, ಅದೇ ನ್ಯೂಟ್ರಾನ್. ಕೇಳಲು ಚೆನ್ನಾಗಿದೆ, ಆದರೆ ತಪ್ಪು.

ಈ ತಪ್ಪಿಗೆ ಘನವಾದ ಕುಲವಿದೆ. ಆವೇಶವಿಲ್ಲದ ಕಣವೊಂದು ಇರಬಹುದೆಂದು 1920ರಲ್ಲಿ ಊಹಿಸಿದ ಭೌತವಿಜ್ಞಾನಿ ರುದರ್‌ಫೋರ್ಡ್ ಅವರೇ ಅದನ್ನು ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳ ಬಿಗಿ ಜೋಡಿ ಎಂದುಕೊಂಡಿದ್ದರು. ಕಣ ಸಿಕ್ಕಿದ್ದು 1932ರಲ್ಲಿ. ಬೆರಿಲಿಯಂ ಎಂಬ ಲೋಹಕ್ಕೆ, ವಿಕಿರಣಶೀಲ ವಸ್ತುಗಳು ಹೊಮ್ಮಿಸುವ ಆಲ್ಫಾ ಕಣಗಳು ಬಡಿದಾಗ ಹೊಮ್ಮುವ ವಿಚಿತ್ರ ಕಿರಣವೊಂದು ಪ್ಯಾರಾಫಿನ್ ಮೇಣದಿಂದ ಪ್ರೋಟಾನ್‌ಗಳನ್ನು ಒದ್ದೋಡಿಸುತ್ತಿತ್ತು. ಪ್ಯಾರಿಸ್‌ನ ಜೋಲಿಯೊ-ಕ್ಯೂರಿ ದಂಪತಿ ಅದನ್ನು ಗಾಮಾ ಕಿರಣ, ಅಂದರೆ ದ್ರವ್ಯರಾಶಿಯಿಲ್ಲದ ಒಂದು ಬಗೆಯ ಬೆಳಕು ಎಂದರು. ಗಾಮಾ ಕಿರಣಕ್ಕೆ ಅಷ್ಟು ಕಸುವು ಎಲ್ಲಿಂದ ಬರಬೇಕು? ಒದೆಯುತ್ತಿರುವುದು ಹೆಚ್ಚುಕಡಿಮೆ ಪ್ರೋಟಾನ್‌ನಷ್ಟೇ ಭಾರದ ಕಣವೆಂದು ಕೇಂಬ್ರಿಜ್‌ನಲ್ಲಿ ಜೇಮ್ಸ್ ಚಾಡ್ವಿಕ್ ತೋರಿಸಿಕೊಟ್ಟರು.

ಜೋಡಿಯ ಕಲ್ಪನೆ ಇನ್ನೂ ಸಾಯದಿರಲು ಕಾರಣವಿದೆ. ಒಂಟಿ ನ್ಯೂಟ್ರಾನ್ ಸರಾಸರಿ 15 ನಿಮಿಷಕ್ಕಿಂತ ತುಸು ಕಡಿಮೆ ಬಾಳುತ್ತದೆ. ಆಮೇಲೆ ಪ್ರೋಟಾನ್, ಎಲೆಕ್ಟ್ರಾನ್ ಮತ್ತು ಆಂಟಿನ್ಯೂಟ್ರಿನೊ ಎಂಬ ಆವೇಶವಿಲ್ಲದ ಅತಿ ಹಗುರ ಕಣ ಆಗುತ್ತದೆ. ಹೊರಬಂದದ್ದು ಒಳಗೇ ಇತ್ತಲ್ಲವೇ ಎನ್ನುತ್ತಾರೆ. ಗಂಟೆಯ ನಾದವನ್ನು ಬಾರಿಸುವ ಮೊದಲೇ ಗಂಟೆಯೊಳಗೆ ತುಂಬಿಟ್ಟಿರುತ್ತಾರೆಯೇ? ಆಸ್ಪತ್ರೆಗಳ ಪೆಟ್ ಸ್ಕ್ಯಾನ್‌ಗೆ ಬಳಸುವ ವಿಕಿರಣಶೀಲ ಫ್ಲೋರಿನ್-18ರಲ್ಲಿ ನಡೆಯುವುದು ಇದರ ತಿರುವುಮುರುವು: ಅಲ್ಲಿ ಪ್ರೋಟಾನ್ ಪಾಸಿಟ್ರಾನನ್ನು (ಎಲೆಕ್ಟ್ರಾನ್‌ನ ಧನಾವೇಶದ ಪ್ರತಿರೂಪ) ಉಗುಳಿ ನ್ಯೂಟ್ರಾನ್ ಆಗುತ್ತದೆ. ಇವರ ತರ್ಕ ಒಪ್ಪಿದರೆ ನ್ಯೂಟ್ರಾನ್ ಒಳಗೆ ಪ್ರೋಟಾನ್, ಆ ಪ್ರೋಟಾನ್ ಒಳಗೆ ಮತ್ತೆ ನ್ಯೂಟ್ರಾನ್!

ನಿಜವಾಗಿ ಬದಲಾಗುವುದು ಒಂದು ಕ್ವಾರ್ಕ್. ಪ್ರೋಟಾನ್, ನ್ಯೂಟ್ರಾನ್‌ಗಳೆರಡೂ ಕ್ವಾರ್ಕ್ ಎಂಬ ಇನ್ನೂ ಚಿಕ್ಕ ಕಣಗಳಿಂದಾಗಿವೆ; ಅಪ್, ಡೌನ್ ಅವುಗಳ ಎರಡು ಬಗೆ. ಪ್ರೋಟಾನ್‌ನಲ್ಲಿ ಎರಡು ಅಪ್, ಒಂದು ಡೌನ್. ನ್ಯೂಟ್ರಾನ್‌ನಲ್ಲಿ ಒಂದು ಅಪ್, ಎರಡು ಡೌನ್. ಡೌನ್ ಒಂದು ಅಪ್ ಆಗುವ ಗಳಿಗೆಯಲ್ಲಿ ಎಲೆಕ್ಟ್ರಾನ್ ಹೊಸದಾಗಿ ಹುಟ್ಟುತ್ತದೆ. ಎಲೆಕ್ಟ್ರಾನ್‌ನೊಳಗೆ ಮಾತ್ರ ಇಂಥ ಬಿಡಿಭಾಗಗಳು ಇದುವರೆಗೆ ಕಂಡಿಲ್ಲ.

ಡೌನ್ ಕ್ವಾರ್ಕ್ ಅಪ್‌ಗಿಂತ ಭಾರ. ಹಾಗಾಗಿ ನ್ಯೂಟ್ರಾನ್‌ನ ದ್ರವ್ಯರಾಶಿ ಪ್ರೋಟಾನ್‌ಗಿಂತ ಶೇಕಡಾ 0.14ರಷ್ಟು ಹೆಚ್ಚು. ಎಲೆಕ್ಟ್ರಾನ್‌ಗಳ ಲೆಕ್ಕದಲ್ಲಿ ಹೇಳುವುದಾದರೆ ಪ್ರೋಟಾನ್ ಸುಮಾರು 1,836 ತೂಗುತ್ತದೆ, ನ್ಯೂಟ್ರಾನ್ ಅದಕ್ಕಿಂತ ಬರೀ ಎರಡೂವರೆ ಹೆಚ್ಚು. ಈ ಚಿಲ್ಲರೆ ವ್ಯತ್ಯಾಸ ಅತ್ತಿಂದಿತ್ತ ಆಗಿ ಪ್ರೋಟಾನ್ ಭಾರವಾಗಿದ್ದಿದ್ದರೆ ಕೊಳೆಯುವ, ಅಂದರೆ ತಾನಾಗಿಯೇ ಬೇರೆ ಕಣಗಳಾಗಿ ಬದಲಾಗುವ ಸರದಿ ಅದರದಾಗುತ್ತಿತ್ತು. ಒಂಟಿ ಪ್ರೋಟಾನನ್ನೇ ನಂಬಿರುವ ಹೈಡ್ರೋಜನ್ ಉಳಿಯುತ್ತಿರಲಿಲ್ಲ. ಅದಿಲ್ಲದೆ ನೀರೂ ಇಲ್ಲ, ಸೂರ್ಯನಿಗೆ ಇಂಧನವೂ ಇಲ್ಲ. ಇನ್ನು ಹೀಲಿಯಂ ಪರಮಾಣುವಿನ ನ್ಯೂಕ್ಲಿಯಸ್‌ನಲ್ಲಿ (ನಡುವಿನ ತಿರುಳಿನಲ್ಲಿ) ಇರುವ ನ್ಯೂಟ್ರಾನ್‌ಗಳು ಕೊಳೆಯುವುದೇ ಇಲ್ಲ: ಅಲ್ಲಿನ ಬಂಧನ ಎಷ್ಟು ಗಟ್ಟಿಯೆಂದರೆ, ಪ್ರೋಟಾನ್ ಆಗಿ ಬದಲಾಗಲು ಆ ಎರಡೂವರೆಯ ಹೆಚ್ಚುವರಿ ಸಾಲದು.