ಮಾನಸಿಕ ಕಾಯಿಲೆಯ ಮಾತ್ರೆ, ಮೈಬಿಗಿತ ಮತ್ತು ವಂಶವಾಹಿ

ಭ್ರಮೆ, ಸಂಶಯಗಳು ಕಾಡುವ ಸ್ಕಿಜೋಫ್ರೇನಿಯಾದಂತಹ ಕಾಯಿಲೆಗಳಿಗೆ ಕೊಡುವ ಹ್ಯಾಲೋಪೆರಿಡಾಲ್ ಅಥವಾ ರಿಸ್ಪೆರಿಡೋನ್ ಅನ್ನು ಒಂದೇ ಪ್ರಮಾಣದಲ್ಲಿ ಸೇವಿಸುವ ಇಬ್ಬರಲ್ಲಿ ಒಬ್ಬರಿಗೆ ವಾರದೊಳಗೆ ಕತ್ತು ತಿರುಚಿಕೊಂಡು ಕೈಕಾಲು ಬಿಗಿಯುತ್ತದೆ, ಇನ್ನೊಬ್ಬರು ಅದೇ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೂ ಏನೂ ಆಗುವುದಿಲ್ಲ. ಮನೋವೈದ್ಯರಿಗೆ ಇದು ದಿನನಿತ್ಯದ ಅನುಭವ. ಮನೆಯವರು ಸಹಜವಾಗಿಯೇ ಕೇಳುತ್ತಾರೆ: “ಡಾಕ್ಟ್ರೇ, ಇದು ಮಾತ್ರೆ ಹೆಚ್ಚಾಗಿದ್ದಕ್ಕೋ, ಇಲ್ಲಾ ನಮ್ಮ ವಂಶದಲ್ಲೇ ಏನಾದರೂ ಇದೆಯೋ?” ಹಲವರಲ್ಲಿ ಈ ಎರಡು ಪ್ರಶ್ನೆಗಳಿಗೆ ಉತ್ತರ ಒಂದೇ. ವಂಶದಿಂದ ಬಂದ ಒಂದು ಗುಣದಿಂದಾಗಿ, ಚೀಟಿಯಲ್ಲಿ ಬರೆದ ಸಾಮಾನ್ಯ ಪ್ರಮಾಣವೇ ಅವರ ದೇಹಕ್ಕೆ ಹೆಚ್ಚಾಗಿರುತ್ತದೆ.

ಈ ಔಷಧಗಳು ಮೆದುಳಿನಲ್ಲಿ ನರಕೋಶಗಳ ಸಂದೇಶ ಒಯ್ಯುವ ರಾಸಾಯನಿಕವಾದ ಡೋಪಮಿನ್‌ನ ಡಿ2 ಗ್ರಾಹಕಗಳನ್ನು ತಡೆಯುತ್ತವೆ. ಪೆಟ್ ಸ್ಕ್ಯಾನ್ ಅಧ್ಯಯನಗಳ ಪ್ರಕಾರ ಸುಮಾರು ಶೇ 65ರಷ್ಟು ಗ್ರಾಹಕಗಳು ಮುಚ್ಚಿಹೋದಾಗ ಭ್ರಮೆ, ಸಂಶಯಗಳು ತಗ್ಗತೊಡಗುತ್ತವೆ. ಶೇ 78–80 ದಾಟಿದರೆ ಚಲನೆಯ ತೊಂದರೆಗಳು ಕಾಣಿಸಿಕೊಳ್ಳುವ ಸಂಭವ ಏರುತ್ತದೆ. ಗುಣ ಕೊಡುವ ಮಟ್ಟಕ್ಕೂ ಕಾಟ ಕೊಡುವ ಮಟ್ಟಕ್ಕೂ ನಡುವೆ ಇರುವ ಅಂತರ ಇಷ್ಟು ಕಿರಿದಾದ್ದರಿಂದಲೇ ರಕ್ತದಲ್ಲಿ ಔಷಧದ ಮಟ್ಟ ಸ್ವಲ್ಪ ಏರಿದರೂ ಕೆಲವರಿಗೆ ಅದು ತಡೆಯದು.

ತೊಂದರೆಗಳು ನಾಲ್ಕು ಬಗೆ. ಮೊದಲ ಕೆಲವು ದಿನಗಳಲ್ಲಿ, ವಿಶೇಷವಾಗಿ ಯುವಕರಲ್ಲಿ, ಕತ್ತು ಅಥವಾ ನಾಲಿಗೆ ತಿರುಚಿಕೊಂಡು ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ. ನೋಡಲು ಭಯವಾದರೂ ಪ್ರೊಮೆಥಜೀನ್‌ನಂತಹ ಚುಚ್ಚುಮದ್ದಿಗೆ ಬೇಗ ಇಳಿಯುತ್ತದೆ. ಕೆಲವು ವಾರಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುವ ನಡುಕ, ಬಿಗಿತ, ನಿಧಾನ ನಡಿಗೆ ಬರಬಹುದು. ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಅಕಥೀಸಿಯಾ ಎಂಬ ಚಡಪಡಿಕೆ ಮೂರನೆಯದು. ಇದನ್ನು ಕಾಯಿಲೆಯೇ ಉಲ್ಬಣಿಸಿದೆ ಎಂದು ತಿಳಿದು ಮಾತ್ರೆಯನ್ನು ಇನ್ನೂ ಹೆಚ್ಚಿಸುವುದು ರೋಗಿಗೆ ಆಗುವ ದೊಡ್ಡ ಅನ್ಯಾಯ. ನಾಲ್ಕನೆಯದಾದ ಟಾರ್ಡಿವ್ ಡಿಸ್ಕೈನೀಸಿಯಾ ತಿಂಗಳುಗಳು, ವರ್ಷಗಳು ಕಳೆದ ಮೇಲೆ ಬರುತ್ತದೆ. ನಾಲಿಗೆ ತಾನಾಗಿ ಹೊರಳುತ್ತದೆ, ತುಟಿಗಳು ಚೀಪಿದಂತೆ ಆಡುತ್ತವೆ, ದವಡೆ ಏನನ್ನೋ ಅಗಿಯುತ್ತಲೇ ಇರುತ್ತದೆ. ಈ ಬಗೆಯ ಔಷಧಗಳಲ್ಲಿ ಮೊದಲನೆಯದಾದ ಕ್ಲೋರ್‌ಪ್ರೊಮಜೀನ್ 1952ರಲ್ಲಿ ಪ್ಯಾರಿಸ್ಸಿನಲ್ಲಿ ಬಳಕೆಗೆ ಬಂದು ಐದೇ ವರ್ಷಕ್ಕೆ, 1957ರಲ್ಲಿ, ಜರ್ಮನಿಯಿಂದ ಇದರ ಮೊದಲ ವರದಿ ಬಂತು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹ್ಯಾಲೋಪೆರಿಡಾಲ್‌ನಂತಹ ಹಳೆಯ ಪೀಳಿಗೆಯ ಔಷಧ ಸೇವಿಸುತ್ತಿದ್ದವರಲ್ಲಿ ಶೇ 30ರಷ್ಟು, ರಿಸ್ಪೆರಿಡೋನ್‌ನಂತಹ ಹೊಸ ಪೀಳಿಗೆಯದನ್ನು ಸೇವಿಸುತ್ತಿದ್ದವರಲ್ಲಿ ಶೇ 20.7ರಷ್ಟು ಜನರಲ್ಲಿ ಇದು ಕಂಡುಬಂದಿತ್ತು. ಹೊಸದನ್ನು ಸೇವಿಸುತ್ತಿದ್ದು, ಹಳೆಯ ಪೀಳಿಗೆಯ ಔಷಧವನ್ನು ಎಂದೂ ತೆಗೆದುಕೊಳ್ಳದವರಲ್ಲಿ ಶೇ 7.2 ಮಾತ್ರ. ವಯಸ್ಸು, ಔಷಧದ ಪ್ರಮಾಣ, ಸೇವನೆಯ ಅವಧಿ, ಮೊದಲ ದಿನಗಳಲ್ಲೇ ಮೈಬಿಗಿತ ಬಂದಿರುವುದು, ಇವೆಲ್ಲ ಅಪಾಯವನ್ನು ಏರಿಸುತ್ತವೆ.

ಜೀನ್‌ಗಳ ಪಾತ್ರದಲ್ಲಿ ಇಂದು ಚಿಕಿತ್ಸೆಗೆ ನೇರವಾಗಿ ಉಪಯೋಗಕ್ಕೆ ಬರುವ ಮಾಹಿತಿ ಹೆಚ್ಚಾಗಿ ಇರುವುದು ಮೆದುಳಿನ ಜೀನ್‌ಗಳಲ್ಲಲ್ಲ. ಲಿವರ್‌ನ ಕಿಣ್ವವೊಂದನ್ನು ತಯಾರಿಸುವ ಸಿವೈಪಿ2ಡಿ6 ಎಂಬ ಜೀನ್‌ನಲ್ಲಿ. ಹ್ಯಾಲೋಪೆರಿಡಾಲ್, ರಿಸ್ಪೆರಿಡೋನ್, ಅರಿಪಿಪ್ರಜೋಲ್, ಜುಕ್ಲೋಪೆಂಥಿಕ್ಸಾಲ್ ಮುಂತಾದ ಔಷಧಗಳು ದೇಹದಿಂದ ಹೊರಹೋಗಲು ಈ ಕಿಣ್ವ ಬೇಕು. 22ನೇ ಕ್ರೋಮೋಸೋಮಿನಲ್ಲಿರುವ ಈ ಜೀನ್‌ಗೆ ನೂರಕ್ಕೂ ಹೆಚ್ಚು ರೂಪಭೇದಗಳಿವೆ. ತಂದೆಯಿಂದಲೂ ತಾಯಿಯಿಂದಲೂ ಕೆಲಸ ಮಾಡದ ಪ್ರತಿಯೇ ಬಂದವರಲ್ಲಿ ಈ ಕಿಣ್ವದ ಕೆಲಸ ನಡೆಯುವುದೇ ಇಲ್ಲ. ಕೆಲವರಲ್ಲಿ ಜೀನ್‌ನ ಹೆಚ್ಚುವರಿ ಪ್ರತಿಗಳಿದ್ದು ಔಷಧ ದೇಹದಲ್ಲಿ ನಿಲ್ಲುವ ಮೊದಲೇ ಹೊರಹೋಗುತ್ತದೆ. ಕೆರೆಗೆ ಬರುವ ನೀರು ಅಷ್ಟೇ ಇದ್ದರೂ ತೂಬು ಕಟ್ಟಿಕೊಂಡರೆ ಮಟ್ಟ ಏರುತ್ತಾ ಹೋಗುವಂತೆ, ಮೊದಲ ಗುಂಪಿನವರ ರಕ್ತದಲ್ಲಿ ಔಷಧ ದಿನದಿಂದ ದಿನಕ್ಕೆ ಶೇಖರಗೊಂಡು ಎತ್ತರದ ಮಟ್ಟದಲ್ಲಿ ನಿಲ್ಲುತ್ತದೆ. ನಾರ್ವೆಯ ಸಾವಿರಾರು ರೋಗಿಗಳ ರಕ್ತಪರೀಕ್ಷೆಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂತಹವರಲ್ಲಿ ರಿಸ್ಪೆರಿಡೋನ್ ಮತ್ತು ಅರಿಪಿಪ್ರಜೋಲ್‌ಗಳ ಸಕ್ರಿಯ ಅಂಶ ಸಾಮಾನ್ಯ ಕಿಣ್ವದವರಲ್ಲಿ ಇರುವುದರ ಸುಮಾರು ಒಂದೂವರೆ ಪಟ್ಟು ಇತ್ತು. ರಿಸ್ಪೆರಿಡೋನ್ ಬಿಟ್ಟು ಬೇರೆ ಔಷಧಕ್ಕೆ ಬದಲಾಯಿಸಬೇಕಾಗಿ ಬಂದದ್ದೂ ಸಾಮಾನ್ಯ ಕಿಣ್ವದವರಿಗಿಂತ ಅವರಲ್ಲಿ ಹೆಚ್ಚು; ಜೀನ್‌ನ ಹೆಚ್ಚುವರಿ ಪ್ರತಿಗಳಿರುವವರಲ್ಲೂ ಹಾಗೆಯೇ.

ಯೂರೋಪಿಯನ್ನರಲ್ಲಿ ಈ ಕಿಣ್ವವೇ ಇಲ್ಲದವರ ಪ್ರಮಾಣ ಶೇ 5ರಿಂದ 10ರಷ್ಟು, ನಮ್ಮಲ್ಲಿ ಅದಕ್ಕಿಂತ ಕಡಿಮೆ. ಆದರೆ ಯೂರೋಪಿನಲ್ಲಿ ಹೆಚ್ಚಾಗಿ ಕಾಣುವ, ಕಿಣ್ವವನ್ನು ಪೂರ್ತಿ ನಿಲ್ಲಿಸುವ 4ನೇ ರೂಪವೂ, ಪೂರ್ವ ಏಷ್ಯಾದಲ್ಲಿ ಹೆಚ್ಚಾಗಿ ಕಾಣುವ, ಕಿಣ್ವವನ್ನು ಮಂದಗೊಳಿಸುವ 10ನೇ ರೂಪವೂ ದಕ್ಷಿಣ ಭಾರತೀಯರಲ್ಲಿ ಇವೆ. ಆದ್ದರಿಂದ ಪೂರ್ತಿ ನಿಂತ ಕಿಣ್ವದವರು ವಿರಳವಾದರೂ ನಿಧಾನ ಕಿಣ್ವದವರು ನಮ್ಮ ನಡುವೆ ವಿರಳರಲ್ಲ.

ಇದರ ಜೊತೆಗೆ ಜೀನ್ ಚೆನ್ನಾಗಿದ್ದವರಲ್ಲೂ ಕಿಣ್ವ ನಿಲ್ಲುವ ಸಂದರ್ಭವೊಂದಿದೆ, ಅದನ್ನು ಒತ್ತಿ ಹೇಳಲು ಬಯಸುತ್ತೇನೆ. ಖಿನ್ನತೆಗೆ ಕೊಡುವ ಫ್ಲೂಆಕ್ಸೆಟೀನ್ ಮತ್ತು ಪ್ಯಾರಾಕ್ಸೆಟೀನ್ ಇದೇ ಕಿಣ್ವವನ್ನು ಬಲವಾಗಿ ತಡೆಯುತ್ತವೆ. ರಿಸ್ಪೆರಿಡೋನ್ ಮೇಲೆ ಚೆನ್ನಾಗಿಯೇ ಇದ್ದವರಿಗೆ ಫ್ಲೂಆಕ್ಸೆಟೀನ್ ಸೇರಿಸಿದ ಎರಡು ಮೂರು ವಾರಗಳಲ್ಲಿ ಮುಖ ಜಡವಾಗಿ, ಕೈಬೀಸು ನಿಂತು, ಹೆಜ್ಜೆ ಚಿಕ್ಕದಾದರೆ, ಜೀನ್ ಪರೀಕ್ಷೆಗಿಂತ ಮೊದಲು ನೋಡಬೇಕಾದದ್ದು ಔಷಧದ ಚೀಟಿಯನ್ನು. ಹಾಗೆಯೇ ಕ್ಲೋಜಪಿನ್, ಒಲಾಂಜಪಿನ್‌ಗಳನ್ನು ಹೊರಹಾಕುವ ಸಿವೈಪಿ1ಎ2 ಎಂಬ ಇನ್ನೊಂದು ಕಿಣ್ವವನ್ನು ಬೀಡಿ, ಸಿಗರೇಟಿನ ಹೊಗೆ ಚುರುಕುಗೊಳಿಸುತ್ತದೆ. ಆಸ್ಪತ್ರೆಗೆ ಸೇರಿ ಬೀಡಿ ಬಿಟ್ಟ ದಿನಗಳಲ್ಲಿ ಆ ಔಷಧದ ಮಟ್ಟ ತಾನಾಗಿ ಏರುತ್ತದೆ. ಬೀಡಿ ಬಿಡುವುದು ಒಳ್ಳೆಯದೇ. ಬಿಟ್ಟಿದ್ದನ್ನು ವೈದ್ಯರಿಗೆ ಹೇಳಬೇಕು, ಅಷ್ಟೇ.

ಮೆದುಳಿನ ಜೀನ್‌ಗಳ ವಿಷಯಕ್ಕೆ ಬಂದರೆ ಹುಡುಕಾಟ ದೊಡ್ಡದು, ಫಲ ಚಿಕ್ಕದು. ಡೋಪಮಿನ್‌ನ ಡಿ3 ಗ್ರಾಹಕದ ಜೀನ್‌ನಲ್ಲಿ ಒಂದು ಅಕ್ಷರದ ವ್ಯತ್ಯಾಸದಿಂದ ಸೆರೀನ್ ಎಂಬ ಅಮೈನೋ ಆಮ್ಲದ ಬದಲಿಗೆ ಗ್ಲೈಸೀನ್ ಬಂದವರಲ್ಲಿ ಟಾರ್ಡಿವ್ ಡಿಸ್ಕೈನೀಸಿಯಾ ಹೆಚ್ಚು ಎಂದು 1997ರಲ್ಲಿ ವರದಿಯಾದಾಗ ಬಹಳ ಆಸೆ ಮೂಡಿತ್ತು. ನಂತರ ಹಲವು ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿದಾಗ ಅದರ ಪ್ರಭಾವ ಸಣ್ಣದೆಂದು ಗೊತ್ತಾಯಿತು. ಡಿ2 ಗ್ರಾಹಕ, ಮೆದುಳಿನ ಇನ್ನೊಂದು ಸಂದೇಶವಾಹಕವಾದ ಸೆರೊಟೋನಿನ್‌ನ 2ಎ ಮತ್ತು 2ಸಿ ಗ್ರಾಹಕಗಳು, ಜೀವಕೋಶವನ್ನು ಆಕ್ಸಿಡೀಕರಣದ ಹಾನಿಯಿಂದ ಕಾಯುವ ಕಿಣ್ವಗಳು, ಇವೆಲ್ಲವುಗಳ ಜೀನ್‌ಗಳ ಕಥೆಯೂ ಹೆಚ್ಚುಕಡಿಮೆ ಇದೇ: ಒಂದು ಅಧ್ಯಯನದಲ್ಲಿ ಸಂಬಂಧ ಕಾಣುತ್ತದೆ, ಮುಂದಿನದರಲ್ಲಿ ಮಸುಕಾಗುತ್ತದೆ. ಇವುಗಳಲ್ಲಿ ಒಂದನ್ನು ಪರೀಕ್ಷಿಸಿ “ನಿಮಗೆ ಈ ತೊಂದರೆ ಬರುತ್ತದೆ” ಅಥವಾ “ಬರುವುದಿಲ್ಲ” ಎಂದು ಯಾರಾದರೂ ಭವಿಷ್ಯ ಹೇಳಿದರೆ ನಂಬಬೇಡಿ.

ಈ ಚರ್ಚೆಯಲ್ಲಿ ನಮ್ಮ ಪಕ್ಕದ ಚೆನ್ನೈನಿಂದ ಬಂದ ಒಂದು ಅಧ್ಯಯನಕ್ಕೆ ವಿಶೇಷ ಸ್ಥಾನವಿದೆ. ಸ್ಕಾಟ್ಲೆಂಡಿನ ಮನೋವೈದ್ಯ ರಾಬಿನ್ ಮೆಕ್‌ಕ್ರೀಡಿ, ಚೆನ್ನೈನ ಡಾ. ಆರ್. ತಾರಾ ಮತ್ತು ಸಹೋದ್ಯೋಗಿಗಳು 1996ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ಸ್ಕಿಜೋಫ್ರೇನಿಯಾ ಇದ್ದೂ ಎಂದೂ ಔಷಧ ತೆಗೆದುಕೊಳ್ಳದ ಹಿರಿಯರನ್ನು ಹುಡುಕಿ ಪರೀಕ್ಷಿಸಲಾಗಿತ್ತು. ಅಂತಹವರಲ್ಲಿ ಶೇ 38 ಮಂದಿಯಲ್ಲಿ ಬಾಯಿ, ನಾಲಿಗೆ, ಕೈಕಾಲುಗಳ ಅನೈಚ್ಛಿಕ ಚಲನೆಗಳಿದ್ದವು. ಔಷಧ ಸೇವಿಸುತ್ತಿದ್ದವರಲ್ಲಿ ಆ ಪ್ರಮಾಣ ಶೇ 41, ಕಾಯಿಲೆಯೇ ಇಲ್ಲದವರಲ್ಲಿ ಶೇ 15. ಔಷಧ ಮುಟ್ಟದ ಆ ಗುಂಪಿನಲ್ಲಿದ್ದವರು 21 ಜನ ಮಾತ್ರ ಎಂಬುದನ್ನು ಮರೆಯದೆ ಈ ಅಂಕಿಗಳನ್ನು ಓದಬೇಕು. ಆದರೂ ಸ್ಕಿಜೋಫ್ರೇನಿಯಾದ ಪ್ರಕ್ರಿಯೆಯೇ ಚಲನೆಯ ವ್ಯವಸ್ಥೆಯನ್ನು ಸಡಿಲಗೊಳಿಸಬಲ್ಲದು, ಔಷಧ ಅದರ ಮೇಲೆ ತನ್ನ ಭಾರ ಸೇರಿಸುತ್ತದೆ ಎಂಬ ವಿಚಾರಕ್ಕೆ ಇದು ಬಲ ಕೊಟ್ಟಿತು. ಕಾಯಿಲೆಯ ವಂಶವಾಹಿ ಹಿನ್ನೆಲೆಯನ್ನೂ ಅಡ್ಡಪರಿಣಾಮದ ಹಿನ್ನೆಲೆಯನ್ನೂ ಪೂರ್ತಿಯಾಗಿ ಬೇರ್ಪಡಿಸುವುದು ಏಕೆ ಕಷ್ಟ ಎಂಬುದೂ ಇದರಿಂದ ತಿಳಿಯುತ್ತದೆ.

ನನ್ನ ಮಟ್ಟಿಗೆ ವೈದ್ಯರು ಹೆಚ್ಚು ಎಚ್ಚರದಿಂದಿರಬೇಕಾದ ಜಾಗ ಬೇರೆಯೇ ಇದೆ. ಕೆಲವು ವಂಶವಾಹಿ ಕಾಯಿಲೆಗಳು ಮೊದಲು ಮನಸ್ಸಿನ ಕಾಯಿಲೆಯಂತೆ ತೋರಿ, ಒಂದೆರಡು ಮಾತ್ರೆಗೇ ಮೈಯೆಲ್ಲ ಬಿಗಿಯುವ ಮೂಲಕ ತಮ್ಮ ನಿಜರೂಪ ತೋರಿಸುತ್ತವೆ. ತಾಮ್ರವನ್ನು ಹೊರಹಾಕಲಾಗದ ವಿಲ್ಸನ್ ಕಾಯಿಲೆ ಅಂಥದ್ದು. ಎಟಿಪಿ7ಬಿ ಜೀನ್‌ನ ಎರಡೂ ಪ್ರತಿಗಳು ಕೆಟ್ಟಾಗ ಬರುವ ಈ ಕಾಯಿಲೆ ರಕ್ತಸಂಬಂಧದಲ್ಲಿ ಮದುವೆಯಾದ ದಂಪತಿಗಳ ಮಕ್ಕಳಲ್ಲಿ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ನೋಡಿದ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಕಾಲೇಜು ವಯಸ್ಸಿನ ಮಗನೋ ಮಗಳೋ ಇದ್ದಕ್ಕಿದ್ದಂತೆ ಸಿಡುಕಾಗಿ, ಮಾತು ತೊದಲಿ, ಕೈಬರಹ ಕೆಟ್ಟು, ಅಲ್ಪ ಪ್ರಮಾಣದ ಔಷಧಕ್ಕೇ ತೀವ್ರವಾಗಿ ಬಿಗಿದುಕೊಂಡರೆ, ಕಣ್ಣಿನ ಕಾರ್ನಿಯಾದ ಅಂಚಿನ ಕಂದು ಉಂಗುರಕ್ಕಾಗಿ ಪರೀಕ್ಷೆಯನ್ನೂ ರಕ್ತದಲ್ಲಿ ತಾಮ್ರವನ್ನು ಸಾಗಿಸುವ ಪ್ರೋಟೀನಾದ ಸೆರುಲೋಪ್ಲಾಸ್ಮಿನ್‌ನ ಪರೀಕ್ಷೆಯನ್ನೂ ಮಾಡಿಸಲೇಬೇಕು. ಬೇಗ ಪತ್ತೆಯಾದರೆ ಚಿಕಿತ್ಸೆಯಿರುವ ಕಾಯಿಲೆ ಇದು.

22ನೇ ಕ್ರೋಮೋಸೋಮಿನ ಒಂದು ತುಣುಕು ಕಾಣೆಯಾಗುವ 22ಕ್ಯೂ11.2 ಕೊರತೆ ಇನ್ನೊಂದು. ಇದು ಇರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಬಗೆಯ ಕಾಯಿಲೆ ಬರುತ್ತದೆ, ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್ ಬರುವ ಸಂಭವವೂ ಹೆಚ್ಚು. ಆದ್ದರಿಂದ ಮೈಬಿಗಿತ ಬಂದಾಗ ಅದನ್ನು ಮಾತ್ರೆಯ ಪರಿಣಾಮವೆಂದಷ್ಟೇ ತಿಳಿದು ಬಿಡಬಾರದು. ಹುಟ್ಟಿನಿಂದ ಹೃದಯದ ತೊಂದರೆ, ಸೀಳು ಅಂಗುಳಿನ ಶಸ್ತ್ರಚಿಕಿತ್ಸೆ, ಮೂಗಿನಿಂದ ಬರುವ ಮಾತು, ರಕ್ತದಲ್ಲಿ ಕ್ಯಾಲ್ಸಿಯಂ ಕೊರತೆ, ಶಾಲೆಯಲ್ಲಿ ಕಲಿಕೆ ಹಿಂದುಳಿದದ್ದು, ಇವನ್ನು ತಾಯಿಯ ಬಳಿ ಕೇಳಲು ಐದು ನಿಮಿಷ ಸಾಕು.

ಪ್ರತಿ ಮೂರರಿಂದ ಆರು ತಿಂಗಳಿಗೊಮ್ಮೆ ಮಾಡಬೇಕಾದ ಚಲನೆಯ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಕೈಗಳಿಲ್ಲದ ಗಟ್ಟಿ ಕುರ್ಚಿಯಲ್ಲಿ ರೋಗಿಯನ್ನು ಕೂರಿಸಿ, ಬಾಯಲ್ಲಿ ಎಲೆ ಅಡಿಕೆಯೋ ಗುಟ್ಕಾವೋ ಇದ್ದರೆ ಉಗಿದು ಬರಲು ಹೇಳಬೇಕು, ಕಟ್ಟಿಸಿದ ಹಲ್ಲು ಸಡಿಲವಾಗಿದೆಯೇ ಎಂದು ವಿಚಾರಿಸಬೇಕು; ಇವೆರಡೂ ದವಡೆಯ ಆಟಕ್ಕೆ ಬೇರೆ ಕಾರಣಗಳು. ನಂತರ ಬಾಯಿ ತೆರೆಸಿ, ನಾಲಿಗೆ ಒಳಗೇ ವಿಶ್ರಾಂತಿಯಲ್ಲಿರುವಾಗ ಅದು ಹೊರಳುತ್ತಿದೆಯೇ ಎಂದು ನೋಡಬೇಕು. ಹೆಬ್ಬೆರಳಿನಿಂದ ಉಳಿದ ಬೆರಳುಗಳನ್ನು ಒಂದೊಂದಾಗಿ ಬೇಗಬೇಗ ಮುಟ್ಟಲು ಹೇಳಿದಾಗ ರೋಗಿಯ ಗಮನ ಕೈಯ ಮೇಲಿರುತ್ತದೆ, ವೈದ್ಯರ ಕಣ್ಣು ಮುಖ ಮತ್ತು ಪಾದಗಳ ಮೇಲಿರಬೇಕು. ಅಡಗಿದ್ದ ಚಲನೆ ಆಗಲೇ ಹೊರಬರುವುದು. ಕೊನೆಗೆ ನಾಲ್ಕು ಹೆಜ್ಜೆ ನಡೆಸಿ ಕೈಬೀಸನ್ನು ಗಮನಿಸಬೇಕು. ಮನೆಯವರು ಇದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತಂದರೆ ಮುಂದಿನ ಭೇಟಿಯಲ್ಲಿ ಹೋಲಿಸಿ ನೋಡಲು ಬಹಳ ಉಪಕಾರ.

ಔಷಧ ಆರಂಭಿಸುವ ಮುನ್ನ ನಾನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಅಪ್ಪ, ಅಮ್ಮ, ಅಣ್ಣತಮ್ಮಂದಿರು, ಅಕ್ಕತಂಗಿಯರಲ್ಲಿ ಯಾರಿಗಾದರೂ ಇಂತಹ ಮಾತ್ರೆಯಿಂದ, ಅಥವಾ ವಾಂತಿ, ಹೊಟ್ಟೆಯುಬ್ಬರದ ಮಾತ್ರೆಯಿಂದ, ಕತ್ತು ತಿರುಚಿದ್ದು, ಕೈ ನಡುಗಿದ್ದು ಉಂಟೇ? ಹೊಟ್ಟೆಯ ಮಾತ್ರೆಯನ್ನು ಸೇರಿಸಿ ಕೇಳಲು ಕಾರಣವಿದೆ. ಮೆಟೊಕ್ಲೋಪ್ರಮೈಡ್ ಮತ್ತು ಲೆವೊಸಲ್ಪಿರೈಡ್ ಸಹ ಡಿ2 ಗ್ರಾಹಕವನ್ನೇ ತಡೆಯುತ್ತವೆ. ಅದರಲ್ಲೂ ಲೆವೊಸಲ್ಪಿರೈಡ್ ಅಸಿಡಿಟಿ ಮಾತ್ರೆಯ ಜೊತೆ ಹೆಚ್ಚಾಗಿ ಸೇರಿಕೊಂಡೇ ಬರುವುದರಿಂದ ತಾವೇನು ನುಂಗುತ್ತಿದ್ದೇವೆ ಎಂಬುದು ಎಷ್ಟೋ ಹಿರಿಯರಿಗೆ ಗೊತ್ತಿರುವುದಿಲ್ಲ. ಖರ್ಚಿಲ್ಲದ ಈ ಪ್ರಶ್ನೆಗೆ “ಹೌದು” ಎಂಬ ಉತ್ತರ ಬಂದರೆ ನಾನು ಪ್ರಮಾಣವನ್ನು ಅರ್ಧದಿಂದ ಆರಂಭಿಸುತ್ತೇನೆ, ಮುಂದಿನ ಭೇಟಿಯನ್ನು ಹತ್ತಿರಕ್ಕೆ ಇಡುತ್ತೇನೆ.

ಹಾಗಾದರೆ ಸಿವೈಪಿ2ಡಿ6 ಪರೀಕ್ಷೆ ಎಲ್ಲರಿಗೂ ಬೇಕೇ? ಬೇಡ. ಅಲ್ಪ ಪ್ರಮಾಣಕ್ಕೇ ತೀವ್ರ ತೊಂದರೆ ಆದವರಿಗೆ, ಒಂದರ ನಂತರ ಒಂದು ಔಷಧ ಒಗ್ಗದವರಿಗೆ ಅದು ಉಪಯುಕ್ತ. ಕಿಣ್ವ ಇಲ್ಲವೆಂದು ತಿಳಿದರೆ ಮಾಡಬೇಕಾದದ್ದು ಸ್ಪಷ್ಟ: ಅಮೆರಿಕದ ಔಷಧ ನಿಯಂತ್ರಕರು ಅರಿಪಿಪ್ರಜೋಲ್‌ನ ಪ್ರಮಾಣವನ್ನು ಅರ್ಧಕ್ಕೆ ಇಳಿಸಲು ಹೇಳುತ್ತಾರೆ, ಪಿಮೊಜೈಡ್ ಅನ್ನು ದಿನಕ್ಕೆ 4 ಮಿಲಿಗ್ರಾಂ ದಾಟಿಸಬಾರದೆನ್ನುತ್ತಾರೆ. ಬಹುಪಾಲು ಮೂತ್ರಪಿಂಡದ ಮೂಲಕ ಹೊರಹೋಗುವ ಪಾಲಿಪೆರಿಡೋನ್, ಅಮಿಸಲ್ಪ್ರೈಡ್ ಅಥವಾ ಬೇರೆ ಕಿಣ್ವವನ್ನು ಅವಲಂಬಿಸಿದ ಕ್ವಿಟಿಯಪಿನ್‌ಗೆ ಬದಲಾಯಿಸುವ ದಾರಿಯೂ ಇದೆ. ಟಾರ್ಡಿವ್ ಡಿಸ್ಕೈನೀಸಿಯಾಕ್ಕೆ ಕೊಡುವ ಟೆಟ್ರಾಬೆನಜೀನ್ ಕೂಡ ಇದೇ ಕಿಣ್ವದ ಮೂಲಕವೇ ಹೊರಹೋಗುವುದರಿಂದ, ದಿನಕ್ಕೆ 50 ಮಿಲಿಗ್ರಾಂ ದಾಟಿಸುವ ಮೊದಲು ಈ ಜೀನ್ ನೋಡಬೇಕೆಂಬ ಸೂಚನೆಯಿದೆ. ನಡುಕಕ್ಕೆಂದು ವರ್ಷಗಟ್ಟಲೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಈ ದವಡೆಯ ಚಲನೆಯನ್ನು ಹೆಚ್ಚಿಸಬಹುದು ಎಂಬುದೂ ನೆನಪಿರಲಿ. ಆದರೆ ಯಾವ ಔಷಧವನ್ನೂ ಮನೆಯಲ್ಲಿ ತಾವಾಗಿಯೇ ನಿಲ್ಲಿಸಬಾರದು. ಥಟ್ಟನೆ ನಿಲ್ಲಿಸಿದಾಗ ಮೂಲ ಕಾಯಿಲೆ ಮರಳುವುದಲ್ಲದೆ, ಅಡಗಿದ್ದ ಚಲನೆಗಳೂ ಒಮ್ಮೆಲೇ ಹೊರಬೀಳಬಹುದು.

ಪರೀಕ್ಷೆ ಮಾಡಿಸಿಕೊಂಡವರು ಆ ವರದಿಯನ್ನು ಆಸ್ಪತ್ರೆಯ ಕಡತದಲ್ಲಿ ಬಿಟ್ಟು ಬರದೆ ಒಂದು ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕು. ಫಲಿತಾಂಶ ಜೀವಮಾನಪೂರ್ತಿ ಬದಲಾಗುವುದಿಲ್ಲ, ನೋವಿಗೆ ಕೊಡುವ ಟ್ರಮಡಾಲ್, ರಕ್ತದೊತ್ತಡಕ್ಕೆ ಕೊಡುವ ಮೆಟೊಪ್ರೊಲಾಲ್ ಸಹ ಇದೇ ಕಿಣ್ವವನ್ನು ಅವಲಂಬಿಸಿವೆ. ಒಬ್ಬರಲ್ಲಿ ಎರಡೂ ಪ್ರತಿಗಳು ಕೆಲಸ ಮಾಡುತ್ತಿಲ್ಲವೆಂದರೆ ಒಡಹುಟ್ಟಿದವರಲ್ಲೂ ಹಾಗೇ ಇರುವ ಸಂಭವ ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆಯಿಲ್ಲ. ಆದ್ದರಿಂದ ಆ ಪ್ರತಿಯನ್ನು ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ತೋರಿಸಿ, ಅವರು ಮುಂದೆ ಯಾವ ವೈದ್ಯರ ಬಳಿ ಹೋದರೂ ಅದರ ಬಗ್ಗೆ ಹೇಳುವಂತೆ ತಿಳಿಸಬೇಕು.